ಎರಡು ಗೇಣು ಕರುಳು

ಜನವರಿ ೯

ಮಗಳಿಗೆ,

ನಿನ್ನ ಕ್ಷೇಮ ವಿಚಾರಿಸಲು ಈ ಕಾಗದ ಬರೆಯುತ್ತಿಲ್ಲ. ನಿನ್ನಂಥವರು ಕ್ಷೇಮವಾಗಿಯೇ ಇರುತ್ತಾರೆ. ಹನ್ನೊಂದು ವರ್ಷದ ಹಿಂದೆ ಅಂಗಡಿ ಬಿಟ್ಟು ಹೋಗುವಾಗ ನನ್ನ ಐಗ್ಲಾಸ್ ತೆಗೆದುಕೊಂಡು ಹೋಗಿದ್ದೀಯ. ಕಣ್ಣಿಗೆ ಸಿಕ್ಕಿಸಿಕೊಂಡರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ನನ್ನ ಗುರುಗಳು ಕೊಟ್ಟ ಐಗ್ಲಾಸ್. ಅದು ಈಗ ಬೇಕು. ವಾಚು ರಿಪೇರಿಗೆ ಅಲ್ಲ. ನನ್ನ ಮೈಯೊಳಗೆ ಹೋಗುವ ನಳಿಕೆಯಲ್ಲಿ ಗಾಳಿಗುಳ್ಳೆ ಇದೆಯೇ ಎಂದು ನೋಡಿಕೊಳ್ಳುವುದಕ್ಕೆ.

ನಿನ್ನ ಅಮ್ಮ ಫೋನಿನಲ್ಲಿ ಅತ್ತುಕೊಂಡು ಏನೇನು ಹೇಳಿದ್ದಾಳೋ. ಅರ್ಧಂಬರ್ಧ ಕೇಳಿಸಿಕೊಳ್ಳುವುದು ನಿನ್ನ ಹಳೆಯ ಚಾಳಿಯಾದ್ದರಿಂದ ನಾನೇ ಬರೆಯುತ್ತೇನೆ. ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಹೆಪ್ಪು ಕಟ್ಟಿತು. ರಕ್ತವಿಲ್ಲದೆ ಸಣ್ಣಕರುಳು ಕಪ್ಪಾಯಿತು, ಕತ್ತರಿಸಿ ತೆಗೆದರು. ಇಪ್ಪತ್ತು ಅಡಿ ಇದ್ದದ್ದರಲ್ಲಿ ಉಳಿದಿರುವುದು ಎರಡು ಗೇಣು. ಊಟ ಮಾಡಬಹುದು, ರುಚಿಯೂ ಗೊತ್ತಾಗುತ್ತದೆ. ಆದರೆ ತಿಂದದ್ದು ಮುಂಬಾಗಿಲಿನಿಂದ ಬಂದ ಗಿರಾಕಿ ಏನೂ ಕೊಳ್ಳದೆ ಹಿಂಬಾಗಿಲಿನಿಂದ ಹೋದ ಹಾಗೆ ಹೊರಟುಹೋಗುತ್ತದೆ. ಬರೀ ನೀರು ಕುಡಿಯುವ ಹಾಗೂ ಇಲ್ಲ. ಕುಡಿದಷ್ಟೂ ಅದು ಮೈಯಲ್ಲಿನ ಉಪ್ಪನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ, ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಉಪ್ಪು, ಸಕ್ಕರೆ ಅಳತೆ ಮಾಡಿ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. "ಇದನ್ನ ಕರುಳಿನ ವೈಫಲ್ಯ ಅಂತೀವಿ" ಎಂದರು ಕರುಳಿನ ಡಾಕ್ಟರು. ಐವತ್ತು ವರ್ಷ ಬೆಂಚಿಗೆ ಕೂತು ದುಡಿದವನು ವೈಫಲ್ಯ ಎಂಬ ಮಾತನ್ನು ಮೀಸೆ ಸರಿಯಾಗಿ ಬಲಿಯದವನ ಬಾಯಿಂದ ಕೇಳಬೇಕಾಯಿತು.

ಈಗ ನನ್ನ ಊಟ ಒಂದು ಚೀಲ. ಹಾಲಿನಂಥ ಬಿಳಿ ದ್ರವ, ಅದರಲ್ಲೇ ಸಕ್ಕರೆ, ಕೊಬ್ಬು, ಪ್ರೋಟೀನು, ಲವಣ. ಎದೆಯ ಮೇಲೆ ಇಳಿಬಿಟ್ಟ ನಳಿಕೆಯ ಮೂಲಕ ಹೃದಯದ ಪಕ್ಕದ ದೊಡ್ಡ ರಕ್ತನಾಳಕ್ಕೆ ನೇರವಾಗಿ ಹೋಗುತ್ತದೆ. ಸಂಜೆ ಆರಕ್ಕೆ ಜೋಡಿಸಿದರೆ ಬೆಳಿಗ್ಗೆ ಆರಕ್ಕೆ ಬಿಚ್ಚುವುದು, ವಾರದ ಏಳೂ ದಿನ. ದ್ರವವನ್ನು ಒಳಗೆ ತಳ್ಳುವ ಪಂಪಿನ ಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುತ್ತದೆ. ಅದನ್ನು ಹೇಳಿದರೆ ಮನೆಗೆ ಬರುವ ನರ್ಸು ನಗುತ್ತಾಳೆ.

ಕರುಳಿನ ಸಂಬಂಧ ಎಂದು ಜನ ದೊಡ್ಡದಾಗಿ ಹೇಳುತ್ತಾರೆ. ನನ್ನ ಬಳಿ ಉಳಿದಿರುವುದೇ ಎರಡು ಗೇಣು. ಅದರಲ್ಲಿ ನಿನಗೆ ಪಾಲು ಬರುವುದಿಲ್ಲ. ಐಗ್ಲಾಸ್ ಕಳಿಸು.

ಇಂತಿ,
ನಿನ್ನ ತಂದೆ


ಜನವರಿ ೨೨

ಅಪ್ಪನವರಿಗೆ,

ನಿಮ್ಮ ಐಗ್ಲಾಸ್ ನನ್ನ ಬಳಿ ಇಲ್ಲ, ಎಂದೂ ಇರಲಿಲ್ಲ. ನಿಮ್ಮ ಕಣ್ಣಿಗೆ ಕಂಡ ಹಾಗೆ ಲೋಕವನ್ನು ನೋಡುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಹೊಸದೊಂದನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಕಾಲೇಜಿನ ಪ್ರಯೋಗಾಲಯಗಳಲ್ಲಿ ಮೈಕ್ರೋಸ್ಕೋಪ್ ರಿಪೇರಿ ಮಾಡುವುದು ನನ್ನ ಕೆಲಸ, ಆದ್ದರಿಂದ ಒಳ್ಳೆಯ ಗಾಜು ಯಾವುದೆಂದು ಗೊತ್ತು. ಇದು ನಿಮ್ಮದಕ್ಕಿಂತ ಒಳ್ಳೆಯದು. ಬೈದುಕೊಂಡೇ ಬಳಸಿ.

ಆಪರೇಷನ್ ಆದ ಎಂಟನೆಯ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ನಿಮಗೆ ಎಚ್ಚರವಿತ್ತು. ನನ್ನನ್ನು ನೋಡಿ ಗೋಡೆಯ ಕಡೆಗೆ ತಿರುಗಿಕೊಂಡಿರಿ. ಹೊಟ್ಟೆಯ ಮೇಲೆ ಒಂದು ಅಡಿ ಉದ್ದದ ಹೊಲಿಗೆ ಇಟ್ಟುಕೊಂಡು ಮಗ್ಗುಲು ಬದಲಾಯಿಸುವುದು ಎಷ್ಟು ನೋವಿನ ಕೆಲಸ ಎಂದು ವಾರ್ಡಿನ ನರ್ಸ್ ಆಮೇಲೆ ಹೇಳಿದರು. ನನ್ನ ಮುಖ ನೋಡಬಾರದೆಂದು ಅಷ್ಟು ಕಷ್ಟಪಟ್ಟಿರಿ. ಸಂತೋಷ.

ಹನ್ನೊಂದು ವರ್ಷದ ಹಿಂದಿನದನ್ನು ನೀವೇ ಎತ್ತಿದ್ದೀರಿ, ನಾನೂ ಎತ್ತುತ್ತೇನೆ. ಶಾಲೆಯ ಹೆಡ್‌ಮೇಡಂ ಅವರ ಕೈಗಡಿಯಾರ ರಿಪೇರಿಯಾದ ಮೇಲೂ ಎರಡು ಸಲ ನಿಂತು ವಾಪಸು ಬಂತು. ಬಿಚ್ಚಿದರೆ ಒಳಗೆ ಕಪ್ಪು ಪುಡಿ. ನೀವು ಐಗ್ಲಾಸ್ ತೆಗೆದು ನನ್ನ ಕಣ್ಣು ನೋಡಿದಿರಿ. "ಕಾಡಿಗೆ ಹಚ್ಕೊಂಡು ಬೆಂಚಿಗೆ ಕೂತ್ಕೋತೀಯ. ನಿನ್ನ ಕಣ್ಣಿಂದೇ ಇದು ಉದುರಿರೋದು" ಎಂದಿರಿ. ವಾಪಸು ಬಂದ ಪ್ರತಿಯೊಂದು ವಾಚಿಗೂ ಒಂದೇ ಸಾಲಿನ ಕಾರಣ ಬರೆಯುವ ಆ ಕೆಂಪು ರಟ್ಟಿನ ದೋಷದ ಪುಸ್ತಕದಲ್ಲಿ, ಗಿರಾಕಿಗಳ ಎದುರಿಗೇ ಬರೆದಿರಿ: ಕಾರಣ, ಮಗಳ ಕಾಡಿಗೆ. ಆ ಪುಡಿಯನ್ನು ಕಾಗದದಲ್ಲಿ ಮಡಚಿ ಪುಟಕ್ಕೆ ಅಂಟಿಸಿದಿರಿ. ಬೆಂಚಿನಿಂದ ಎಬ್ಬಿಸಿದಿರಿ. ಆ ವಾರವೆಲ್ಲ ನನಗೆ ಕಣ್ಣುಬೇನೆ, ಕಾಡಿಗೆ ಮುಟ್ಟಿರಲಿಲ್ಲ. ಹೇಳಿದೆ. ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ನೀವು ಹೊಡೆದುಹಾಕಿದ್ದು ನಾನು ಕಂಡಿಲ್ಲ.

ಇಂತಿ,
ನಿಮ್ಮ ಮಗಳು


ಫೆಬ್ರವರಿ ೨೦

ಮಗಳಿಗೆ,

ಐಗ್ಲಾಸ್ ಬಂತು. ಅಂಚು ಒರಟು. ಕೆಲಸ ನಡೆಯುತ್ತದೆ.

ಮೊನ್ನೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಚೀಲ ಜೋಡಿಸಿ ಮುಕ್ಕಾಲು ಗಂಟೆಯಾಗಿತ್ತು, ಹಲ್ಲು ಕಟಕಟ ಎನ್ನುವಷ್ಟು ನಡುಕ, ಆಮೇಲೆ ಉರಿಯುವ ಜ್ವರ. ನಳಿಕೆಯೊಳಗೆ ರೋಗಾಣು ಸೇರಿಕೊಂಡಿದೆ, ಪಂಪು ಶುರುವಾದೊಡನೆ ಅದೂ ನೇರ ರಕ್ತಕ್ಕೆ ಹೋಗುತ್ತದೆ ಎಂದರು. ಬಲಗಡೆಯ ನಳಿಕೆ ಕಿತ್ತು, ಔಷಧಿ ಕೊಟ್ಟು, ಎಡಗಡೆ ಹೊಸದನ್ನು ಹಾಕಿದರು. "ಈ ನಳಿಕೆ ಇಡೋಕೆ ಆಗೋಂಥ ರಕ್ತನಾಳ ಮೈಯಲ್ಲಿ ನಾಲ್ಕೈದೇ ಇರೋದು. ಸೋಂಕು ಆದಾಗಲೆಲ್ಲ ಒಂದೊಂದು ಹಾಳಾಗುತ್ತೆ. ಇವು ಮುಗಿದರೆ ನಿಮಗೆ ಊಟ ಕೊಡೋ ದಾರೀನೇ ಇರಲ್ಲ" ಎಂದು ಡಾಕ್ಟರು ನನಗೆ ಪಾಠ ಹೇಳಿದರು. ಬಿಡಿಭಾಗ ಸಿಗದ ವಾಚನ್ನು ಹೇಗೆ ಕಾಪಾಡಬೇಕೆಂದು ನನಗೆ ಹೇಳಿಕೊಡುವವರು ಇವರು.

ಕಾರಣ ಹುಡುಕಬೇಕಾಗಿರಲಿಲ್ಲ. ನಳಿಕೆಯ ಮೂತಿಯನ್ನು ಸ್ಪಿರಿಟಿನಿಂದ ಉಜ್ಜಿ ಜೋಡಿಸುತ್ತಿದ್ದವಳು ನಿನ್ನ ಅಮ್ಮ. ತರಕಾರಿ ಹೆಚ್ಚಿದ ಕೈ, ನೆಲ ಒರೆಸಿದ ಕೈ. ದೋಷದ ಪುಸ್ತಕ ತರಿಸಿ ಬರೆದೆ: ಕಾರಣ, ಹೆಂಡತಿಯ ಕೈ. ಈಗ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ. ಕೂದಲೆಳೆಯಷ್ಟು ಸ್ಪ್ರಿಂಗನ್ನು ಐವತ್ತು ವರ್ಷ ಚಿಮಟದಲ್ಲಿ ಹಿಡಿದ ಕೈ ಇದು. ಮೂತಿ ಉಜ್ಜಿದ ಮೇಲೆ ತಾನಾಗಿ ಒಣಗಲು ಮೂವತ್ತು ಸೆಕೆಂಡು ಸುಮ್ಮನೆ ಕಾಯಬೇಕೆಂದು ಆ ನರ್ಸು ಬಂದಾಗಲೆಲ್ಲ ಬೆರಳು ಎತ್ತಿ ಹೇಳುತ್ತಾಳೆ. ಸ್ವಚ್ಛ ಮಾಡಿದ್ದನ್ನು ಒಣಗಿಸುವುದು ಹೇಗೆಂದು ನನಗೆ ಕಲಿಸಲು ಹೊರಟಿದ್ದಾಳೆ.

ಪಕ್ಕದ ಅಂಗಡಿಯ ಕ್ಷೌರದವನು ನೋಡಲು ಬಂದಿದ್ದ. "ಹಸಿವಿನ ರಗಳೇನೇ ಇಲ್ಲ ಅಲ್ವಾ ಯಜಮಾನ್ರೇ? ಪುಣ್ಯವಂತರು" ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಅವನು ನಿದ್ದೆ ಬಂತೆಂದುಕೊಂಡು ಹೋದ. ಜಗತ್ತು ಇಂಥವರಿಂದಲೇ ತುಂಬಿದೆ.

ಇಂತಿ,
ನಿನ್ನ ತಂದೆ


ಮಾರ್ಚ್ ೩೦

ನನ್ನ ಚಿಮಟ,

ನಿನ್ನನ್ನು ಹೀಗೆ ಕರೆಯುವುದನ್ನು ನಿನ್ನ ಅಪ್ಪ ಬಿಟ್ಟರೆಂದು ನಾನೇಕೆ ಬಿಡಲಿ. ಅವರ ಚಿಮಟ ಹಿಡಿದುಕೊಂಡೇ ನಡೆಯಲು ಕಲಿತವಳು ನೀನು.

ಫೋನಿನಲ್ಲಿ ಮಾತಾಡಿದರೆ ಅವರಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮತ್ತೆ ಜ್ವರ ಬಂದಿತ್ತು. ಎಡಗಡೆಯ ನಳಿಕೆಯೂ ಹೋಯಿತು, ಆ ನಾಳ ಪೂರ್ತಿ ಮುಚ್ಚಿಕೊಂಡಿದೆಯಂತೆ. ಈಗ ಕುತ್ತಿಗೆಯ ಬುಡದಲ್ಲಿ ಇನ್ನೊಂದು ಹಾಕಿದ್ದಾರೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಅಮ್ಮಾ, ಇದೊಂದನ್ನ ಉಳಿಸ್ಕೊಳ್ಳಿ. ಉಳಿದ ನಾಳಗಳನ್ನ ನಂಬೋ ಹಾಗಿಲ್ಲ. ಉಳಿದಿರೋ ಕರುಳು ನಿಧಾನಕ್ಕೆ ಕೆಲಸ ಕಲೀತಾ ಇದೆ. ವರ್ಷ ಎರಡು ವರ್ಷದಲ್ಲಿ ಚೀಲ ಕಡಿಮೆ ಮಾಡಬಹುದು. ಆದರೆ ಇದೂ ಹೋದರೆ ಬೇರೆಯವರ ಕರುಳು ಕಸಿ ಮಾಡೋದೊಂದೇ ದಾರಿ, ಅದನ್ನ ಈ ವಯಸ್ಸಿಗೆ ಅವರ ಮೈ ತಡೆಯಲ್ಲ."

ಡಾಕ್ಟರು ಇನ್ನೊಂದು ಮಾತೂ ಹೇಳಿದರು. ಎರಡು ಸಲವೂ ರಕ್ತದಲ್ಲಿ ಬೆಳೆದದ್ದು ಕೈಯ ಚರ್ಮದ ಮೇಲಿರುವ ರೋಗಾಣು ಅಲ್ಲವಂತೆ, ಧೂಳಿನಲ್ಲಿ ಇರುವಂಥದಂತೆ. ಇದನ್ನು ಕೇಳಿದ್ದೇ ತಡ, ನಿನ್ನ ಅಪ್ಪ, ನಾನು ಹಜಾರ ಗುಡಿಸುವಾಗ ಬಾಗಿಲ ಸಂದಿನಿಂದ ಧೂಳು ಹೋಗಿದೆ ಎಂದರು. ಒಂದು ತಿಂಗಳಿಂದ ನಾನು ಆ ಕೋಣೆಗೆ ಕಾಲಿಟ್ಟಿಲ್ಲ ಮಗಳೇ. ಈಗ ಹಜಾರವನ್ನೂ ಗುಡಿಸುವ ಹಾಗಿಲ್ಲ. ಅಡುಗೆಮನೆಯಲ್ಲಿ ಮಲಗುತ್ತೇನೆ. ಪುಸ್ತಕದಲ್ಲಿ ಮತ್ತೆ ನನ್ನ ಹೆಸರೇ ಬಿದ್ದಿದೆ.

ನನ್ನ ಕೈ ಅಷ್ಟು ಕೊಳಕೇ ಎಂದು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತೇನೆ. ತೊಳೆದು ತೊಳೆದು ಚರ್ಮ ಬಿರಿದಿದೆ.

ನಿನ್ನ ಅಮ್ಮ


ಏಪ್ರಿಲ್ ೬

ಅಪ್ಪನವರಿಗೆ,

ಅಮ್ಮ ಬರೆದಿದ್ದಾಳೆ. ಬರೆದದ್ದಕ್ಕೆ ಅವಳನ್ನು ಬೈಯುವುದಾದರೆ ಮೊದಲು ಇದನ್ನು ಪೂರ್ತಿ ಓದಿ.

ನೀವು ಒಳ್ಳೆಯ ಅಪ್ಪ ಅಲ್ಲ. ಆದರೆ ಒಳ್ಳೆಯ ರಿಪೇರಿಯವರು ಎಂದು ಇಲ್ಲಿಯವರೆಗೆ ನಂಬಿದ್ದೆ. ಈಗ ಅದೂ ಸಂಶಯ. ಮೊದಲ ಸಲ ಅಮ್ಮ ಕೋಣೆಯೊಳಗಿದ್ದಳು, ಎರಡನೆಯ ಸಲ ಇರಲಿಲ್ಲ. ದೋಷ ಎರಡು ಸಲವೂ ಒಂದೇ. ಹಾಗಿದ್ದ ಮೇಲೆ ಎರಡು ಸಲವೂ ಇದ್ದದ್ದು ಯಾವುದೆಂದು ಕೇಳಬೇಕಲ್ಲವೇ? ಹದಿನಾಲ್ಕು ವರ್ಷದ ನನಗೆ ಇದನ್ನು ತಲೆಗೆ ಕುಟ್ಟಿ ಕಲಿಸಿದವರು ನೀವು. ವಾಚು ಮತ್ತೆ ನಿಂತರೆ ಬಿಚ್ಚಿದ ಕ್ರಮ, ಜೋಡಿಸಿದ ಕ್ರಮ, ಒಂದೂ ಬಿಡದೆ ಬರೆ, ಆಮೇಲೆ ಬಾಯಿ ತೆಗೆ ಎನ್ನುತ್ತಿದ್ದಿರಿ. ಊರಿನ ವಾಚಿಗೆಲ್ಲ ಒಂದು ನ್ಯಾಯ, ಹೆಂಡತಿಗೆ ಇನ್ನೊಂದು ನ್ಯಾಯ.

ಸಂಜೆ ಆರು ಗಂಟೆಗೆ ಆ ಕೋಣೆಯಲ್ಲಿ ನೀವು ಮಾಡುವುದನ್ನೆಲ್ಲ ಕ್ರಮವಾಗಿ ಬರೆದು ಕಳಿಸಿ. ಏನನ್ನು ಮುಟ್ಟುತ್ತೀರಿ, ಯಾವುದರಿಂದ, ಎಷ್ಟು ಹೊತ್ತು. ಬರೆಯಲು ಹೆದರಿಕೆಯಾದರೆ ಬೇಡ.

ಇಂತಿ,
ನಿಮ್ಮ ಮಗಳು


ಏಪ್ರಿಲ್ ೧೫

ಮಗಳಿಗೆ,

ಹೆದರಿಕೆ. ನನಗೆ. ಮೈಕ್ರೋಸ್ಕೋಪಿನ ಸ್ಕ್ರೂ ತಿರುಗಿಸುವವಳು ನನ್ನನ್ನು ಪರೀಕ್ಷೆ ಮಾಡುವ ಕಾಲ ಬಂತು. ಬರೆಯುತ್ತೇನೆ, ಓದಿ ನಾಚಿಕೊ.

ಐದೂವರೆಗೆ ಕಿಟಕಿ ಮುಚ್ಚುತ್ತೇನೆ, ಫ್ಯಾನ್ ಆರಿಸುತ್ತೇನೆ. ಚೀಲವನ್ನು ಫ್ರಿಜ್ಜಿನಿಂದ ಮಧ್ಯಾಹ್ನವೇ ತೆಗೆದಿಟ್ಟಿರುತ್ತೇನೆ, ತಣ್ಣಗಿರಬಾರದು. ದ್ರವದಲ್ಲಿ ಎಣ್ಣೆ ಒಡೆದು ಬೇರೆಯಾಗಿದೆಯೇ ಎಂದು ಐಗ್ಲಾಸ್ ಹಾಕಿ ನೋಡುತ್ತೇನೆ. ಮೇಜನ್ನು ಸ್ಪಿರಿಟಿನಿಂದ ಒರೆಸಿ ಒಣಗಿಸುತ್ತೇನೆ. ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದು ಬಿಡದೆ, ಗೋಡೆಯ ಗಡಿಯಾರ ನೋಡಿಕೊಂಡು ಒಂದು ನಿಮಿಷ ಕೈ ತೊಳೆಯುತ್ತೇನೆ. ಆ ನರ್ಸು ನಲವತ್ತು ಸೆಕೆಂಡಿಗೇ ನಿಲ್ಲಿಸುತ್ತಾಳೆ, ಎಣಿಸಿದ್ದೇನೆ. ಕೈಗವಸು ಹಾಕಿಕೊಂಡು ಸಿರಿಂಜಿಗೆ ಲವಣದ ನೀರು ಎಳೆದಿಡುತ್ತೇನೆ. ನಳಿಕೆಯ ಮೂತಿಯನ್ನು ಸ್ಪಿರಿಟ್ ಬಟ್ಟೆಯಿಂದ ಹದಿನೈದು ಸೆಕೆಂಡು ತಿರುಚಿ ಉಜ್ಜುತ್ತೇನೆ. ಆಮೇಲೆ ಮೂತಿಯನ್ನೂ ಅದರ ಸುತ್ತಿನ ತಿರುಪಿನ ಸಂದನ್ನೂ ನನ್ನ ಬ್ಲೋವರಿನಿಂದ ಮೂರು ಸಲ ಊದಿ ಒಣಗಿಸುತ್ತೇನೆ. ಲವಣದ ನೀರು ಹಾಯಿಸುತ್ತೇನೆ. ಚೀಲ ಜೋಡಿಸುತ್ತೇನೆ.

ಬ್ಲೋವರ್ ಯಾವುದೆಂದು ನಿನಗೆ ಗೊತ್ತು. ಒತ್ತಿದರೆ ಮೂತಿಯಿಂದ ಗಾಳಿ ಬರುವ, ನನ್ನ ಬೆಂಚಿನ ಕಪ್ಪು ರಬ್ಬರ್ ಬುರುಡೆ. ಬಾಯಿಂದ ಊದಿದರೆ ಎಂಜಲಿನ ಹಬೆ ತಗಲುತ್ತದೆ, ಅದು ಕೊಳಕರ ಕೆಲಸ. ಬ್ಲೋವರಿನಿಂದ ಬರುವುದು ಶುದ್ಧ ಗಾಳಿ. ಮೊದಲು ನಿನ್ನ ಅಮ್ಮ ಉಜ್ಜುತ್ತಿದ್ದಾಗಲೂ ಒಣಗಿಸುವ ಕೆಲಸವನ್ನು ನಾನು ಅವಳಿಗೆ ಬಿಟ್ಟಿರಲಿಲ್ಲ. ಮೂವತ್ತು ಸೆಕೆಂಡು ಬಾಯಿ ಬಿಟ್ಟುಕೊಂಡು ಕಾಯುವವರು ಕಾಯಲಿ.

ಇದರಲ್ಲಿ ತಪ್ಪು ಹುಡುಕು ನೋಡೋಣ.

ಇಂತಿ,
ನಿನ್ನ ತಂದೆ


ಏಪ್ರಿಲ್ ೨೩

ಅಪ್ಪನವರಿಗೆ,

ನಿಮ್ಮ ಕಾಗದ ಓದಿದ ನಿಮಿಷವೇ ಅಮ್ಮನಿಗೆ ಫೋನ್ ಮಾಡಿದ್ದು ಯಾಕೆಂದು ಈಗ ಹೇಳುತ್ತೇನೆ.

ಇಲ್ಲಿನ ಜೀವಶಾಸ್ತ್ರದ ಮೇಡಂ ರೋಗಾಣು ಬೆಳೆಸುವ ಗಾಜಿನ ತಟ್ಟೆಗಳನ್ನು ಇಟ್ಟುಕೊಂಡಿರುತ್ತಾರೆ. ಎರಡು ತಟ್ಟೆ ಕೇಳಿ ತೆಗೆದುಕೊಂಡೆ. ಒಂದನ್ನು ಸುಮ್ಮನೆ ಮೂವತ್ತು ಸೆಕೆಂಡು ತೆರೆದಿಟ್ಟು ಮುಚ್ಚಿದೆ. ಇನ್ನೊಂದರ ಮೇಲೆ ನಮ್ಮ ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ರಬ್ಬರ್ ಬ್ಲೋವರಿನಿಂದ ಮೂರು ಸಲ ಊದಿದೆ. ಮೂರು ದಿನವಾಯಿತು. ಮೊದಲನೆಯ ತಟ್ಟೆಯಲ್ಲಿ ಒಂದೇ ಒಂದು ಚುಕ್ಕೆ. ಎರಡನೆಯದರಲ್ಲಿ ಎಣಿಸುವುದನ್ನು ನಲವತ್ತಕ್ಕೆ ನಿಲ್ಲಿಸಿದೆ.

ನಿಮ್ಮ ಶುದ್ಧ ಗಾಳಿ ಎಲ್ಲಿಂದ ಬರುತ್ತದೆ ಎಂದುಕೊಂಡಿದ್ದೀರಿ? ಒತ್ತಿ ಬಿಟ್ಟಾಗಲೆಲ್ಲ ಬೆಂಚಿನ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ಒರೆಸಬಹುದು, ಒಳಗನ್ನು ಒರೆಸಿದವರು ಯಾರು? ನಲವತ್ತು ವರ್ಷದ ಅಂಗಡಿಯ ಧೂಳನ್ನು ಹೃದಯದ ಬಾಗಿಲಿಗೇ ಊದಿಕೊಂಡು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಿ. ಎರಡು ಸಲ.

ಹಳೆಯ ರಬ್ಬರು ಒಳಗಿನಿಂದ ಕೊಳೆತು ಉದುರುತ್ತದೆ. ನಮ್ಮ ಲೆನ್ಸುಗಳ ಮೇಲೆ ನೋಡಿದ್ದೇನೆ. ಆ ಬ್ಲೋವರನ್ನು ಕತ್ತರಿಸಿ, ಒಳಗೆ ಏನಿದೆ ಎಂದು ಐಗ್ಲಾಸಿನಲ್ಲಿ ನೋಡಿ. ನೋಡುವ ತನಕ ನನಗೆ ಬರೆಯಬೇಡಿ.

ನಿಮ್ಮ ಮಗಳು


ಜೂನ್ ೪

ಚಿಮಟ,

ನೀನು ಫೋನ್ ಮಾಡಿದ ದಿನ ನಾನು ಕೈ ತೊಳೆದುಕೊಂಡು ಕೂತಿದ್ದೆ. ನಿನ್ನ ಅಮ್ಮ ಬಾಗಿಲು ತಟ್ಟದೆ ಒಳಗೆ ಬಂದಳು. ಮೇಜಿನ ಮೇಲಿದ್ದ ಬ್ಲೋವರ್ ತೆಗೆದುಕೊಂಡು ಹೋಗಿ ಹೊಲಿಗೆಯ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಳು. "ಕೊಡು" ಎಂದೆ. "ಕೊಡಲ್ಲ" ಎಂದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಆ ಮಾತನ್ನು ಮೊದಲ ಸಲ ಕೇಳಿದೆ. ಬ್ಲೋವರ್ ಇಲ್ಲದ ಮೇಲೆ ಕಾಯಲೇಬೇಕಾಯಿತು. ಮೂವತ್ತು ಸೆಕೆಂಡು ಇಷ್ಟು ಉದ್ದ ಇರುತ್ತದೆಂದು, ಇಷ್ಟು ವರ್ಷ ಸೆಕೆಂಡು ಮುಳ್ಳು ಸರಿ ಮಾಡಿದ ನನಗೆ ಗೊತ್ತಿರಲಿಲ್ಲ.

ಒಂದು ತಿಂಗಳು ಇಬ್ಬರ ಮೇಲೂ ಹಲ್ಲು ಕಡಿದುಕೊಂಡಿದ್ದೆ. ಜ್ವರ ಬಂದಿದ್ದರೆ ಅದನ್ನು ನಿನ್ನ ಮುಖಕ್ಕೆ ಹಿಡಿಯುತ್ತಿದ್ದೆ. ಬರಲಿಲ್ಲ. ದಿನಾ ಸಂಜೆ ಏಳು ಗಂಟೆಗೆ ನಡುಕಕ್ಕೆ ಕಾದೆ, ಅದು ಬಾರದೇ ಹೋದಾಗ ನಿಜವಾಗಿ ಸಿಟ್ಟು ಬಂತು.

ಹೋದ ವಾರ ಹೊಲಿಗೆಯ ಡಬ್ಬಿ ತೆಗೆದು ಬ್ಲೋವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಕಪ್ಪು ಪುಡಿ. ಬೆರಳು ಆಡಿಸಿದರೆ ರಬ್ಬರೇ ಉದುರಿ ಬರುತ್ತಿತ್ತು. ಹಳೆಯ ಬೆಂಚಿನ ಡ್ರಾಯರಿನಿಂದ ಹನ್ನೊಂದು ವರ್ಷದ ಹಿಂದಿನ ದೋಷದ ಪುಸ್ತಕ ಹುಡುಕಿಸಿದೆ. ಡ್ರಾಯರನ್ನು ಪೂರ್ತಿ ಎಳೆದಾಗ ಅದರ ಹಿಂದೆ ನನ್ನ ಐಗ್ಲಾಸೂ ಸಿಕ್ಕಿತು. ಅದರ ಬಗ್ಗೆ ಮಾತು ಬೇಡ. ಹೆಡ್‌ಮೇಡಂ ವಾಚಿನ ಪುಟಕ್ಕೆ ಅಂಟಿಸಿದ್ದ ಕಾಗದದ ಮಡಿಕೆ ಹಾಗೇ ಇತ್ತು. ಅದರ ಪುಡಿಯನ್ನು ಒಂದು ಬಿಳಿ ತಟ್ಟೆಯ ಈ ಕಡೆ ಇಟ್ಟೆ, ಬ್ಲೋವರಿನ ಪುಡಿಯನ್ನು ಆ ಕಡೆ ಇಟ್ಟೆ. ನೀನು ಕಳಿಸಿದ ಐಗ್ಲಾಸ್ ಹಾಕಿಕೊಂಡು ನೋಡಿದೆ. ಆಮೇಲೆ ತಟ್ಟೆ ತಿರುಗಿಸಿ ನೋಡಿದೆ. ಯಾವುದು ಯಾವುದೆಂದು ಹೇಳಲು ನನ್ನಿಂದ ಆಗಲಿಲ್ಲ.

ಅದು ನಿನ್ನ ಕಣ್ಣಿನದಲ್ಲ.

ಬ್ಲೋವರ್ ಹಿಡಿದು ಆ ವಾಚನ್ನು ಮೂರು ಸಲ ಸ್ವಚ್ಛ ಮಾಡಿದವನು ನಾನು. ಸ್ವಚ್ಛ ಮಾಡಿದಾಗಲೆಲ್ಲ ಕೊಳೆ ತುಂಬಿದೆ. ಒಳಗೆ ಪುಡಿ ಕಂಡಾಗಲೆಲ್ಲ ನಿನ್ನ ಮೇಲೆ ಹೇಸಿಗೆ ಪಟ್ಟಿದ್ದೇನೆ. ಹನ್ನೊಂದು ವರ್ಷ ಪಟ್ಟಿದ್ದೇನೆ. ಎಂಥ ನೀಚ ಕೆಲಸಗಾರನ ಕೆಳಗೆ ನೀನು ಕೆಲಸ ಕಲಿತೆ ಎಂದು ಈಗ ಯೋಚಿಸುತ್ತೇನೆ.

ಹಳೆಯದು, ಹೊಸದು ಎರಡೂ ಪುಸ್ತಕ ಸೇರಿ ಮೂರು ಕಡೆ ಗೀಟು ಹಾಕಿದೆ. ನಿನ್ನದು ಒಂದು, ಅವಳವು ಎರಡು. ಮೂರರ ಪಕ್ಕದಲ್ಲೂ ಕಾರಣ, ಬ್ಲೋವರ್ ಎಂದು ಬರೆದು ನಿನ್ನ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. "ಬ್ಲೋವರ್ ತಾನಾಗೇ ಒತ್ಕೊಳ್ತಾ?" ಎಂದು ಕೇಳಿ, ಪುಸ್ತಕ ನನ್ನ ಮಡಿಲಿಗೆ ಹಾಕಿ ಒಲೆಯ ಕಡೆಗೆ ಹೋದಳು. ಅವಳಿಗೂ ತಿರಸ್ಕಾರ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿಯೇ ಬರುತ್ತದೆ. ಪೆನ್ನು ತೆಗೆದು ಮತ್ತೆ ಗೀಟು ಹಾಕಿ ಮತ್ತೆ ಬರೆದೆ.

ಈಗ ಸಂಜೆ ಮೂತಿ ಉಜ್ಜುವುದು ಅವಳೇ. ಅವಳ ಬೆರಳಿನ ಬಿರುಕು ಇನ್ನೂ ಮಾಸಿಲ್ಲ. ಉಜ್ಜಿ ಬಿಟ್ಟ ಮೇಲೆ ಇಬ್ಬರೂ ಏನನ್ನೂ ಮುಟ್ಟದೆ ಕಾಯುತ್ತೇವೆ. ನಾನು ಮನಸ್ಸಿನಲ್ಲಿ ಎಣಿಸುತ್ತೇನೆ, ಅವಳು ನನ್ನ ಮುಖ ನೋಡುತ್ತಾಳೆ. ಮೂವತ್ತಾಯಿತು ಎಂದು ತಲೆಯಾಡಿಸಿದರೆ ಜೋಡಿಸುತ್ತಾಳೆ.

ಎರಡು ಗೇಣು ಕೆಲಸ ಕಲಿಯುತ್ತಿದೆಯಂತೆ. ಈ ತಿಂಗಳಿಂದ ವಾರದಲ್ಲಿ ಒಂದು ದಿನ ಚೀಲ ಬೇಡ ಎಂದಿದ್ದಾರೆ ಡಾಕ್ಟರು, ಶನಿವಾರ. ಆ ಸಂಜೆ ನನಗೆ ನಳಿಕೆಯ ಕಟ್ಟು ಇರುವುದಿಲ್ಲ. ಗೋಡೆಯ ಕಡೆಗೆ ತಿರುಗಿಕೊಳ್ಳುವುದೂ ಇಲ್ಲ. ಬರುವುದಾದರೆ ಬಾ, ಬಂದು ಪುಸ್ತಕ ನೋಡು. ನಾನು ಬರೆದದ್ದನ್ನು ಹೊಡೆದುಹಾಕಿದ್ದು ಕಂಡಿಲ್ಲ ಎಂದು ನೀನು ಬರೆದಿದ್ದೆಯಲ್ಲ.

ಅಪ್ಪ